ತಾಯಿಯ ಜೊತೆಗೆ ಹೋಗುವುದು

ಅನಾಥಾಲಯವೆಂದೊಡನೆ ನಮ್ಮ ಕಣ್ಣ ಮುಂದೆ ಬರುವವರು ಮನುಷ್ಯರ ಮಕ್ಕಳು. ಆದರೆ ಆಫ್ರಿಕದ ಜಾಂಬಿಯ ದೇಶದ ಉತ್ತರ ಭಾಗದಲ್ಲಿ, ಕಾಫ್ಯುಯೆ ನದಿಯ ದಂಡೆಯ ಬಳಿ, ಚಿಂಪಾಂಜಿಗಳಿಗಾಗಿಯೇ ಒಂದು ಅನಾಥಾಲಯ ಉಂಟು. ಚಿಮ್‌ಫುನ್ಶಿ ಎಂದು ಅದರ ಹೆಸರು. ಅದನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದು ನನ್ನ ಆಸೆ.

ಡೇವಿಡ್ ಮತ್ತು ಶೀಲಾ ಸಿಡ್ಲ್ ದಂಪತಿಗಳು ಅಲ್ಲಿ ದನ ಸಾಕಿಕೊಂಡು ಬಾಳುತ್ತಿದ್ದವರು. 1983ರಲ್ಲಿ ವನ್ಯಮೃಗರಕ್ಷಕನೊಬ್ಬ ಕಳ್ಳಬೇಟೆಗಾರರಿಂದ ಬಿಡಿಸಿದ ಚಿಂಪಾಂಜಿ ಮರಿಯೊಂದನ್ನು ಅವರ ಮನೆಗೆ ತಂದ. ಮೈತುಂಬ ನೋವು, ಉಳಿಯುವ ಭರವಸೆಯಿರಲಿಲ್ಲ. ದಂಪತಿಗಳು ಶುಶ್ರೂಷೆ ಮಾಡಿದರು. ಮರಿ ಬದುಕಿತು. ಅದಕ್ಕೆ ಪ್ಯಾಲ್, ಎಂದರೆ ಗೆಳೆಯ, ಎಂದು ಹೆಸರಿಟ್ಟರು. ಸುದ್ದಿ ಹಬ್ಬಿತು. ಕಳ್ಳಸಾಗಣೆಯಲ್ಲಿ ಸಿಕ್ಕವು, ಸರ್ಕಸ್ಸಿನಿಂದ ಬಿಡುಗಡೆಯಾದವು, ಹಾಳುಬಿದ್ದ ಮೃಗಾಲಯಗಳಲ್ಲಿ ಸೊರಗಿದವು ಒಂದೊಂದಾಗಿ ಬಂದು ಸೇರಿದವು. 1992ರಲ್ಲಿ ತಬ್ಬಲಿಯಾದ ನೀರಾನೆಯ ಮರಿಯೊಂದಕ್ಕೂ ಆ ಮನೆ ಆಸರೆಯಾಯಿತು. ಬಿಲ್ಲಿ ಎಂಬ ಆ ಹೆಣ್ಣುಮರಿ ಮನೆಮಗಳಂತೆಯೇ ಬೆಳೆಯಿತು. ಚಿಂಪಾಂಜಿಗಳ ಸಂಖ್ಯೆಯಂತೂ ಕಾಲಕ್ರಮದಲ್ಲಿ ನೂರನ್ನು ಮೀರಿತು.

ಈ ಮರಿಗಳು ತಬ್ಬಲಿಯಾಗುವುದು ಹೇಗೆ? ಚಿಂಪಾಂಜಿಯ ಮರಿ ನಾಲ್ಕೈದು ವರ್ಷ ತಾಯಿಯ ಹಾಲು ಕುಡಿಯುತ್ತದೆ. ಅವಳ ಹೊಟ್ಟೆಗೋ ಬೆನ್ನಿಗೋ ಅಂಟಿಕೊಂಡೇ ಕಾಡನ್ನು ನೋಡುತ್ತದೆ. ಯಾವ ತಾಯಿಯೂ ಮರಿಯನ್ನು ಸುಮ್ಮನೆ ಬಿಟ್ಟುಕೊಡಳು. ಆದುದರಿಂದ ಬೇಟೆಗಾರ ಮೊದಲು ತಾಯಿಯನ್ನು ಕೊಲ್ಲುತ್ತಾನೆ. ಅವಳ ಮಾಂಸ ಒಂದು ಸಂತೆಗೆ, ಮರಿ ಇನ್ನೊಂದು ಸಂತೆಗೆ. ಮುದ್ದಿಗೆಂದು ಮರಿಯನ್ನು ಕೊಳ್ಳುವವನು ಈ ಕೊಲೆಯ ಬೆಲೆಯನ್ನೂ ತೆರುತ್ತಿದ್ದಾನೆ.

ಇಲ್ಲಿ ಸಾಯುವುದು ಒಂದು ಜೀವ ಮಾತ್ರವಲ್ಲವೆಂದು ನನಗೆ ತೋರುತ್ತದೆ. ಯಾವ ಹಣ್ಣು ಯಾವಾಗ ಮಾಗುತ್ತದೆ, ಗೂಡನ್ನು ಹೇಗೆ ಹೆಣೆಯಬೇಕು, ಹಿರಿಯನ ಎದುರು ಹೇಗೆ ತಗ್ಗಬೇಕು - ಇವೆಲ್ಲ ಮರಿಗೆ ತಾಯಿಯಿಂದ, ಬಳಗದಿಂದ ಬರಬೇಕಾದ ವಿದ್ಯೆ. ತಾಯಿಯ ಜೊತೆಗೆ ಆ ಪಾಠಶಾಲೆಯೂ ಹೋಯಿತು. ಸಾಕಿದವರು ಹಾಲು ಕೊಡಬಲ್ಲರು; ಚಿಂಪಾಂಜಿಯಾಗುವುದನ್ನು ಕಲಿಸಲಾರರು.

ಬೆಳೆದ ಮೇಲೆ ಕಾಡಿಗೆ ಬಿಟ್ಟರಾಗದೆ ಎಂದು ಕೇಳಬಹುದು. ಜಾಂಬಿಯ ಚಿಂಪಾಂಜಿಗಳ ತವರಲ್ಲ. ತವರಿನ ಕಾಡಿನಲ್ಲಿಯೂ ಹೊರಗಿನವರನ್ನು ಅಲ್ಲಿಯ ತಂಡಗಳು ಸಹಿಸುವುದಿಲ್ಲ, ಕೊಂದೇ ಬಿಡುವುದುಂಟು. ಬೇಟೆಗಾರನ ಕೋವಿಯೂ ಅಲ್ಲಿಯೇ ಕಾದಿದೆ. ಆದುದರಿಂದ ಚಿಮ್‌ಫುನ್ಶಿಯಲ್ಲಿ ವಿಶಾಲವಾದ ಕಾಡಿಗೆ ಬೇಲಿ ಹಾಕಿ, ತಬ್ಬಲಿಗಳನ್ನು ತಂಡಗಳಾಗಿ ಕೂಡಿಸಿ ಬಿಟ್ಟಿದ್ದಾರೆ. ಅವು ಮರ ಹತ್ತುತ್ತವೆ, ಜಗಳವಾಡುತ್ತವೆ, ರಾಜಿಯಾಗುತ್ತವೆ.

ಆ ಬೇಲಿಯೊಳಗೆ ಒಂದು ಸೋಜಿಗ ನಡೆಯಿತು. 2010ರಲ್ಲಿ ಜೂಲಿ ಎಂಬ ಹೆಣ್ಣು ಚಿಂಪಾಂಜಿ ಹುಲ್ಲಿನ ಎಸಳೊಂದನ್ನು ಕಿವಿಗೆ ಸಿಕ್ಕಿಸಿಕೊಂಡು ಓಡಾಡುತ್ತಿದ್ದುದನ್ನು ಸಂಶೋಧಕರು ಕಂಡರು. ಅದರಿಂದ ಪ್ರಯೋಜನವೇನೂ ಕಾಣಲಿಲ್ಲ. ಆದರೂ ಅವಳ ತಂಡದ ಅನೇಕರು ಹಾಗೆಯೇ ಮಾಡತೊಡಗಿದರು. ಜೂಲಿ ಸತ್ತ ಮೇಲೂ ಕೆಲವರು ಆ ರೂಢಿಯನ್ನು ಬಿಡಲಿಲ್ಲ. ಹಿರಿಯರ ಪರಂಪರೆ ಕಡಿದುಹೋದ ನೆಲೆಯಲ್ಲಿ ಹೊಸ ಪರಂಪರೆಯೊಂದು, ಹುಲ್ಲೆಸಳಿನಷ್ಟೇ ಆದರೂ, ಚಿಗುರಿತು. ಈ ಸಂಗತಿಯನ್ನು ಓದಿದಾಗ ನನಗೆ ಆದದ್ದು ಬರಿಯ ವಿನೋದವಲ್ಲ.

ಆದರೆ ಇದರಿಂದ ನಾವು ಸಮಾಧಾನ ತಾಳುವಂತಿಲ್ಲ. ಚಿಂಪಾಂಜಿ ಐವತ್ತು ವರ್ಷ ಬಾಳಬಲ್ಲ ಪ್ರಾಣಿ. ಡೇವಿಡ್ ಸಿಡ್ಲ್ 2006ರಲ್ಲಿ ತೀರಿಕೊಂಡರು. ಅವರು ಎತ್ತಿಕೊಂಡ ಹೊಣೆ ಇತರರ ಹೆಗಲಿಗೆ ಬಂತು. ಕೋವಿಯ ಕುದುರೆ ಎಳೆಯಲು ಒಂದು ಕ್ಷಣ ಸಾಕು. ಆ ಕ್ಷಣದ ಸಾಲವನ್ನು ತೀರಿಸಲು ಮನುಷ್ಯನ ಒಂದು ಆಯುಷ್ಯ ಸಾಲದು.