ಆಸ್ಪತ್ರೆಗೆ ಭೌತಶಾಸ್ತ್ರಜ್ಞರೂ ಬೇಕು

(ಚಿತ್ತಾಪುರದಲ್ಲಿ ಪೋಷಕರು ಮತ್ತು ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ಪಿಯುಸಿ ಮುಗಿಸಿದ ಮಗಳಿಗೆ ಮೆಡಿಕಲ್ ಸೀಟು ಸಿಗದಿದ್ದರೆ ಆಸ್ಪತ್ರೆಯ ಬಾಗಿಲೇ ಮುಚ್ಚಿತೆಂದು ನಮ್ಮ ಮನೆಗಳು ತೀರ್ಮಾನಿಸಿಬಿಡುತ್ತವೆ. ಬಿ.ಎಸ್ಸಿ. ಸೇರಿದರೆ ಮುಂದೆ ಬಿ.ಎಡ್., ಆಮೇಲೆ ಮದುವೆ. ಬಿ.ಎಡ್. ಕೀಳೆಂದು ನಾನು ಹೇಳುತ್ತಿಲ್ಲ. ಆದರೆ ಭೌತಶಾಸ್ತ್ರ ಓದಿದವರಿಗೆಂದೇ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಒಂದು ಹುದ್ದೆಯಿದೆ, ಅದಕ್ಕೆ ಎಂ.ಬಿ.ಬಿ.ಎಸ್. ಬೇಕಿಲ್ಲ.

ಗಡ್ಡೆಗೆ ಎಷ್ಟು ವಿಕಿರಣ ಬೇಕೆಂದು ವೈದ್ಯರು ನಿರ್ಧರಿಸುತ್ತಾರೆ. ಅದು ಗಡ್ಡೆಯನ್ನು ತಲುಪಿ, ಪಕ್ಕದ ಬೆನ್ನುಹುರಿಗೆ ಆದಷ್ಟೂ ತಾಗದಂತೆ ಲೆಕ್ಕ ಹಾಕುವವರು, ಯಂತ್ರದಿಂದ ಹೇಳಿದಷ್ಟೇ ಕಿರಣ ಬರುತ್ತಿದೆಯೇ ಎಂದು ಪರೀಕ್ಷಿಸುವವರು ವೈದ್ಯಕೀಯ ಭೌತಶಾಸ್ತ್ರಜ್ಞರು. ಯಂತ್ರದ ಕೋಣೆಯ ಗೋಡೆ ಎಷ್ಟು ದಪ್ಪವಿರಬೇಕೆಂಬುದೂ ಅವರ ಲೆಕ್ಕವೇ. ವಾಡಿಯ ಸಿಮೆಂಟ್ ನೋಡಿ ಬೆಳೆದವರು ನಾವು. ಕಿರಣ ನೇರವಾಗಿ ಬೀಳುವ ಕಡೆ ಕಾಂಕ್ರೀಟ್ ಗೋಡೆ ಎರಡು ಮೀಟರಿಗೂ ಮಿಕ್ಕಿ ದಪ್ಪವಿರುವುದುಂಟು.

ನಮ್ಮ ಕಡೆಯ ರೋಗಿಗಳು ಕಲಬುರಗಿಗೋ ಸೊಲ್ಲಾಪುರಕ್ಕೋ ಹೈದರಾಬಾದಿಗೋ ಹೋಗಿ ವಾರಗಟ್ಟಲೆ ವಿಕಿರಣ ಪಡೆಯುತ್ತಾರೆ. ಒಂದೇ ದಿನ ಕೊಟ್ಟು ಮುಗಿಸಬಾರದೇಕೆ ಎಂಬ ಪ್ರಶ್ನೆಗೆ ಉತ್ತರ ವಿಕಿರಣ ಜೀವಶಾಸ್ತ್ರದಲ್ಲಿದೆ. ಸಾಮಾನ್ಯವಾಗಿ ದಿನಕ್ಕೆ 2 ಗ್ರೇಯಷ್ಟು ಕೊಟ್ಟಾಗ, ಮರುದಿನದೊಳಗೆ ಆರೋಗ್ಯವಂತ ಜೀವಕೋಶಗಳು ತಮಗಾದ ಹಾನಿಯನ್ನು ಬಹುಮಟ್ಟಿಗೆ ಸರಿಪಡಿಸಿಕೊಳ್ಳುತ್ತವೆ. ಕ್ಯಾನ್ಸರ್ ಕೋಶಗಳಿಗೆ ಸಾಮಾನ್ಯವಾಗಿ ಅಷ್ಟು ಸಾಮರ್ಥ್ಯವಿಲ್ಲ. ಮನೆಯಲ್ಲಿ ಮದುವೆಯೆಂದು ನಡುವೆ ಒಂದು ವಾರ ತಪ್ಪಿಸಿದರೆ ಉಳಿದ ಕ್ಯಾನ್ಸರ್ ಕೋಶಗಳು ಮತ್ತೆ ಬೆಳೆಯತೊಡಗುತ್ತವೆ. ಈ ಲೆಕ್ಕವನ್ನು ನಮ್ಮ ಭಾಷೆಯಲ್ಲಿ ರೋಗಿಗೆ ತಿಳಿಸಬಲ್ಲವರು ನಮ್ಮಲ್ಲಿ ಎಷ್ಟು ಮಂದಿ?

ತಾಯಂದಿರಿಗೊಂದು ಭಯವಿದೆ: ವಿಕಿರಣದ ಕೆಲಸಕ್ಕೆ ಹೋದ ಹೆಣ್ಣಿಗೆ ಮಕ್ಕಳಾಗುವುದಿಲ್ಲವಂತೆ. ನಿಯಮವನ್ನು ಕೇಳಿ. ನೌಕರರ ಮೇಲೆ ಬೀಳುವ ವಿಕಿರಣ ಐದು ವರ್ಷಗಳ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ ಮೀರಬಾರದು. ಯಾವುದೇ ಒಂದು ವರ್ಷದಲ್ಲಿ 30 ದಾಟಬಾರದು. ಗರ್ಭಿಣಿಯೆಂದು ತಿಳಿಸಿದ ಬಳಿಕ ಭ್ರೂಣಕ್ಕೆ ಮಿತಿ 1. ಪ್ರಕೃತಿಯಿಂದಲೇ ಮನುಷ್ಯರಿಗೆ ವರ್ಷಕ್ಕೆ ಸರಾಸರಿ 2.4 ಬರುತ್ತದೆ. ನೌಕರರ ಎದೆಯ ಮೇಲಿನ ಬ್ಯಾಡ್ಜ್ ಇದನ್ನೆಲ್ಲ ದಾಖಲಿಸುತ್ತದೆ. ವರನ ಕಡೆಯವರು ಕೇಳಿದರೆ ಆ ವರದಿಯನ್ನೇ ತೋರಿಸಬಹುದು!

ಇನ್ನು ದಾರಿ. ಪದವಿಯಲ್ಲಿ ಭೌತಶಾಸ್ತ್ರ ಇರಲೇಬೇಕು. ಎಂ.ಎಸ್ಸಿ. ಭೌತಶಾಸ್ತ್ರ ಮುಗಿಸಿ ಒಂದು ವರ್ಷದ ಡಿಪ್ಲೊಮಾ ಮಾಡಬಹುದು. ಮುಂಬಯಿಯ ಭಾಭಾ ಪರಮಾಣು ಸಂಶೋಧನಾ ಕೇಂದ್ರದಲ್ಲಿ ಇದು 1962ರಲ್ಲಿ ಆರಂಭವಾಯಿತು. ಇಲ್ಲವೇ ವೈದ್ಯಕೀಯ ಭೌತಶಾಸ್ತ್ರದಲ್ಲೇ ಎಂ.ಎಸ್ಸಿ. ಮಾಡಬಹುದು. ನಮ್ಮ ರಾಜ್ಯದಲ್ಲಿ ಮಣಿಪಾಲವಿದೆ. ಸ್ವಾತಂತ್ರ್ಯ ಹೋರಾಟಗಾರ ರಫಿ ಅಹ್ಮದ್ ಕಿದ್ವಾಯಿಯವರ ಹೆಸರು ಹೊತ್ತ ಬೆಂಗಳೂರಿನ ಸಂಸ್ಥೆಯಿದೆ. ಯಾವ ದಾರಿಯಾದರೂ ಬಳಿಕ ವಿಕಿರಣ ಚಿಕಿತ್ಸಾ ವಿಭಾಗದಲ್ಲಿ 12 ತಿಂಗಳ ಇಂಟರ್ನ್‌ಶಿಪ್ ಕಡ್ಡಾಯ. ವಿಕಿರಣ ಜೀವಶಾಸ್ತ್ರವನ್ನಷ್ಟೇ ಓದಿದವರಿಗೆ ಸಂಶೋಧನೆಯ ಅವಕಾಶವುಂಟು, ಈ ಹುದ್ದೆ ಸಿಗದು.

ಅರ್ಹತೆಯನ್ನು ನಿಗದಿಪಡಿಸುವುದು 1983ರಲ್ಲಿ ಸ್ಥಾಪನೆಯಾದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ. ಶುಲ್ಕ ಕಟ್ಟುವ ಮೊದಲು ಕಾಲೇಜಿನವರನ್ನು ಕೇಳಿ: ಈ ಪದವಿ ಮಂಡಳಿಯ ನಿಯಮಕ್ಕೆ ಸಲ್ಲುತ್ತದೆಯೇ? ಇಂಟರ್ನ್‌ಶಿಪ್ ಯಾವ ಆಸ್ಪತ್ರೆಯಲ್ಲಿ? ಉತ್ತರವನ್ನು ಬರೆದುಕೊಡಲು ಹಿಂಜರಿದರೆ ಹಣ ಕಟ್ಟಬೇಡಿ.