ಮಗುವಿನ ಮಾತನ್ನು ತಿದ್ದುವ ಬಗೆ

ಎರಡೂವರೆ ವರ್ಷದ ಮಗು ತೆಂಗಿನಕಾಯಿಯ ಕಡೆಗೆ ಬೆರಳು ಮಾಡಿ ‘ತಾಯಿ’ ಎಂದರೆ ಮನೆಮಂದಿಯೆಲ್ಲ ನಗುತ್ತಾರೆ. ಇನ್ನೊಮ್ಮೆ ಹೇಳಿಸಿ ಮತ್ತೆ ನಗುತ್ತಾರೆ. ಅದೇ ಮಗು ಐದು ತುಂಬಿ ಶಾಲೆಗೆ ಬಂದ ಮೇಲೂ ಹಾಗೆಯೇ ಹೇಳಿದರೆ, ಆಗ ನಗುವವರು ತರಗತಿಯ ಮಕ್ಕಳು. ಮನೆಯ ನಗೆಗೆ ಹಿಗ್ಗಿದ ಮಗು ಈ ನಗೆಗೆ ಕುಗ್ಗುತ್ತದೆ. ಉತ್ತರ ಗೊತ್ತಿದ್ದರೂ ಬಾಯಿ ಬಿಡುವುದಿಲ್ಲ. ಕ್ರಮೇಣ ‘ದಡ್ಡ’ ಎಂಬ ಹೆಸರು ಅಂಟಿಕೊಳ್ಳುತ್ತದೆ. ತಪ್ಪಿದ್ದು ನಾಲಿಗೆಯ ಸ್ಥಾನ. ಶಿಕ್ಷೆ ಮಾತ್ರ ಬುದ್ಧಿಗೆ!

ಇಂತಹ ಮಕ್ಕಳಿಗೆ ನೆರವಾಗುವುದೇ ವಾಕ್‌ಚಿಕಿತ್ಸಕರ ಕೆಲಸ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು 1965ರಿಂದ ಈ ವಿದ್ಯೆಯ ಶಿಕ್ಷಣಕ್ಕೂ ಚಿಕಿತ್ಸೆಗೂ ನೆಲೆಯಾಗಿದೆ. ಚಿಕಿತ್ಸಕರು ಅನುಸರಿಸುವ ಕೆಲವು ಉಪಾಯಗಳನ್ನು ನಿಮ್ಮ ಮುಂದಿಡುವುದು ಈ ಭಾಷಣದ ಉದ್ದೇಶ. ಏಕೆಂದರೆ ಚಿಕಿತ್ಸಕರ ಮುಂದೆ ಮಗು ಕೂರುವುದು ವಾರದಲ್ಲಿ ಒಂದೆರಡು ಗಂಟೆ. ಉಳಿದ ಹೊತ್ತೆಲ್ಲ ಅದು ನಿಮ್ಮ ಮನೆಯ ಮಾತಿನಲ್ಲೇ ಬೆಳೆಯುತ್ತದೆ.

ಮೊಟ್ಟಮೊದಲು ಅವರು ವಿಚಾರಿಸುವುದು ಬಾಯಿಯನ್ನಲ್ಲ, ಕಿವಿಯನ್ನು. ಕೇಳದ ಅಕ್ಷರವನ್ನು ನಾಲಿಗೆ ಹೇಗೆ ಆಡೀತು? ಕರೆದರೆ ತಿರುಗುತ್ತದೆ, ಬಾಗಿಲು ಬಡಿದರೆ ಬೆಚ್ಚುತ್ತದೆ ಎಂದಮಾತ್ರಕ್ಕೆ ಕಿವಿ ಸರಿಯಿದೆ ಎನ್ನುವಂತಿಲ್ಲ. ದೊಡ್ಡ ಸದ್ದು ಕೇಳಿಸಿ, ‘ಸ’ಕಾರದಂತಹ ಸಣ್ಣ ಸದ್ದು ಕೇಳಿಸದ ಮಕ್ಕಳುಂಟು. ಈಗ ಹುಟ್ಟಿದ ಕೂಸಿನ ಕಿವಿಯನ್ನೂ ಯಂತ್ರದಿಂದ ಪರೀಕ್ಷಿಸಬಹುದು. ನಾಲಿಗೆಗೆ ಬಜೆ ತೇಯ್ದು ಹಚ್ಚುವುದು ನಮ್ಮಲ್ಲಿ ಹಳೆಯ ರೂಢಿ. ಆದರೆ ಕಿವಿಯ ದೋಷಕ್ಕೆ ಅದು ಮದ್ದಲ್ಲ. ‘ಅವರಪ್ಪನೂ ತಡವಾಗಿಯೇ ಮಾತಾಡಿದ’ ಎಂದು ವರ್ಷಗಳನ್ನು ಕಳೆಯುವುದೂ ತರವಲ್ಲ. ಎರಡು ತುಂಬಿದ ಮಗು ‘ಅಮ್ಮ ಬಾ’, ‘ಹಾಲು ಬೇಕು’ ಎಂದು ಎರಡು ಪದ ಕೂಡಿಸದಿದ್ದರೆ ಒಮ್ಮೆ ತೋರಿಸಿಬಿಡುವುದು ಮೇಲು.

ಎರಡನೆಯದು, ಸಹಜವಾದುದನ್ನೂ ದೋಷವನ್ನೂ ಬೇರೆ ಮಾಡುವುದು. ನಮ್ಮ ವರ್ಣಮಾಲೆ ಬಾಯಿಯದೇ ಒಂದು ನಕ್ಷೆ. ಕವರ್ಗ ಗಂಟಲ ಬಳಿಯಲ್ಲಿ ಹುಟ್ಟಿದರೆ, ಚ, ಟ, ತ ವರ್ಗಗಳು ಕ್ರಮವಾಗಿ ಮುಂದೆ ಬಂದು, ಪವರ್ಗ ತುಟಿಯಲ್ಲಿ ಮುಗಿಯುತ್ತದೆ. ಮಗುವಾದರೋ ತುಟಿಯಿಂದ ಹೊರಡುತ್ತದೆ: ಅಮ್ಮ, ಅಪ್ಪ, ಪಾಪು. ಒಳಗಿನ ‘ಕ’ ಕೆಲವರಿಗೆ ಸ್ವಲ್ಪ ತಡ; ‘ರ’, ‘ಳ’ ಇನ್ನೂ ತಡ. ಮೂರು ವರ್ಷದ ಮಗು ‘ಮರ’ವನ್ನು ‘ಮಲ’ ಎಂದರೆ ಗಾಬರಿ ಬೇಡ. ನಾಲ್ಕು ತುಂಬಿದರೂ ಅದರ ಮಾತು ಹೊರಗಿನವರಿಗೆ ಬಹುಪಾಲು ಅರ್ಥವಾಗದಿದ್ದರೆ ಮಾತ್ರ ತಡಮಾಡಬಾರದು. ಇನ್ನೊಂದು ಮಾತು: ಮನೆಯವರೆಲ್ಲ ‘ಹಾಲು’ ಎನ್ನದೆ ‘ಆಲು’ ಎನ್ನುವ ಕಡೆ ಮಗುವೂ ಹಾಗೆಂದರೆ ಪಂಡಿತರಿಗೆ ಅದು ಅಶುದ್ಧವೆನಿಸಬಹುದು, ಚಿಕಿತ್ಸಕರಿಗೆ ರೋಗವಲ್ಲ. ಅದು ಆ ಸೀಮೆಯ ಮಾತು.

ಇನ್ನು ತಿದ್ದುವ ಬಗೆ. ‘ಸರಿಯಾಗಿ ಹೇಳು’ ಎಂದು ಗದರಿದರೆ ಮಗು ಕಲಿಯುವುದು ಸುಮ್ಮನಿರುವುದನ್ನು. ಒಬ್ಬ ಜಾಣ ಚಿಕಿತ್ಸಕಿ ಮೇಜಿನ ಮೇಲೆ ಒಂದು ತೆಂಗಿನಕಾಯಿಯನ್ನೂ ತಾಯಿಯ ಚಿತ್ರವನ್ನೂ ಇಡುತ್ತಾಳೆನ್ನಿ. ತಾನು ಒಂದೊಂದರ ಹೆಸರು ಹೇಳುತ್ತಾಳೆ, ಮಗು ಮುಟ್ಟಿ ತೋರಿಸುತ್ತದೆ. ಇದು ಕಿವಿಗೆ ಪಾಠ. ಆಮೇಲೆ ಸರದಿ ಬದಲು: ಮಗು ಹೇಳಿದ್ದನ್ನು ಅವಳು ಎತ್ತಿ ಕೊಡಬೇಕು. ಕಾಯಿ ಬೇಕಾದ ಮಗು ‘ತಾಯಿ’ ಎಂದರೆ ನಗದೆ, ಬೈಯದೆ, ಚಿತ್ರವನ್ನೇ ಕೊಡುತ್ತಾಳೆ. ಅಕ್ಷರ ಬದಲಾದರೆ ಅರ್ಥವೂ ಬದಲಾಗುವುದೆಂಬುದು ಮಗುವಿಗೆ ಆ ಕ್ಷಣ ತಾನಾಗಿ ಹೊಳೆಯುತ್ತದೆ. ಆಗ ಕನ್ನಡಿಯ ಮುಂದೆ ಕೂರಿಸಿ, ನಾಲಿಗೆಯ ತುದಿ ಕೆಳಗಿರಲಿ ಎಂದು ತೋರಿಸಿ, ‘ಕೂ’, ‘ಕೋ’ ಎಂದು ಆಡಿಸುತ್ತಾಳೆ. ಈ ಸ್ವರಗಳಲ್ಲಿ ನಾಲಿಗೆ ತಾನಾಗಿ ಹಿಂದಕ್ಕೆ ಸರಿಯುವುದರಿಂದ ‘ಕ’ ಸುಲಭ. ಅಂಗಾತ ಮಲಗಿಸಿ ಹೇಳಿಸುವುದೂ ಉಂಟು. ಮೊದಲು ಅಕ್ಷರ, ಆಮೇಲೆ ಪದ, ಆಮೇಲೆ ವಾಕ್ಯ, ಕೊನೆಗೆ ಆಟದ ನಡುವಣ ಮಾತು, ಇದು ಮೆಟ್ಟಿಲು. ಬರಿದೆ ಊದಿಸುವ, ನಾಲಿಗೆ ಚಾಚಿಸುವ ಕಸರತ್ತಿನಿಂದ ಅಕ್ಷರ ಬಾರದು. ಅಕ್ಷರ ಬರಬೇಕಾದರೆ ಅಕ್ಷರವನ್ನೇ ಆಡಬೇಕು.

ಮನೆಯಲ್ಲಿ ನೀವು ಮಾಡಬೇಕಾದುದು ಇನ್ನೂ ಸರಳ. ಮಗು ‘ತಾಗೆ ಬಂತು’ ಎಂದರೆ ತಡೆಯಬೇಡಿ. ‘ಹೌದು, ಕಾಗೆ ಬಂತು, ಕಪ್ಪು ಕಾಗೆ, ಕಾ ಕಾ ಎನ್ನುತ್ತಿದೆ’ ಎನ್ನಿ. ಸರಿಯಾದ ರೂಪ ಹಲವು ಬಾರಿ ಕಿವಿಗೆ ಬಿತ್ತು, ಮಾತೂ ಮುಂದುವರಿಯಿತು. ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲಿ ಐದರವರೆಗೆ ಎಣಿಸಿ ಕಾಯಿರಿ. ಮಗುವಿನ ಪರವಾಗಿ ಉತ್ತರ ಕೊಡಬೇಡಿ. ದಿನಕ್ಕೆ ಎರಡು ಮೂರು ಬಾರಿ ಐದೈದು ನಿಮಿಷದ ಅಭ್ಯಾಸ, ಒಂದೇ ಸಲಕ್ಕೆ ಗಂಟೆಗಟ್ಟಲೆ ಕೂರಿಸುವುದಕ್ಕಿಂತ ಲೇಸು. ಮನೆಯಲ್ಲಿ ಎರಡು ಭಾಷೆಯಿದೆಯೆಂದು ಒಂದನ್ನು ಬಿಡಬೇಕಾಗಿಲ್ಲ. ಎರಡು ಭಾಷೆಗಳಿಂದ ಮಾತು ಕೆಡುವುದಿಲ್ಲ.

ಉಗ್ಗುವ ಮಗುವಿಗೆ ‘ನಿಧಾನ, ಯೋಚಿಸಿ ಹೇಳು’ ಎನ್ನುವುದರಿಂದಲೂ ಫಲವಿಲ್ಲ. ನೀವೇ ನಿಧಾನವಾಗಿ ಮಾತಾಡಿ, ಮುಖ ನೋಡಿ, ಕೊನೆಯವರೆಗೆ ಕೇಳಿ. ಎರಡರಿಂದ ಐದರ ನಡುವೆ ಕಾಣಿಸುವ ಉಗ್ಗು ಅನೇಕರಲ್ಲಿ ತಾನಾಗಿ ಹೋಗುತ್ತದೆ. ಆರು ತಿಂಗಳು ಕಳೆದರೂ ನಿಲ್ಲದಿದ್ದರೆ, ಇಲ್ಲವೆ ಮಗು ಮಾತಿಗೆ ಹೆದರತೊಡಗಿದರೆ, ಚಿಕಿತ್ಸಕರಲ್ಲಿಗೆ ಕರೆದೊಯ್ಯಿರಿ.

ಮಾತು ಕಲಿಸುವವರಿಗೆ ಮೊದಲು ಬೇಕಾದದ್ದು ಕೇಳುವ ತಾಳ್ಮೆ. ಮಗು ಹೇಗೆ ಹೇಳಿತು ಎಂಬುದಕ್ಕೆ ಮುನ್ನ ಏನು ಹೇಳಿತು ಎಂದು ಕೇಳಿಸಿಕೊಳ್ಳಿ. ತನ್ನ ಮಾತಿಗೆ ಬೆಲೆಯುಂಟೆಂದು ತಿಳಿದ ಮಗು ಮತ್ತೆ ಮತ್ತೆ ಆಡುತ್ತದೆ. ಮತ್ತೆ ಮತ್ತೆ ಆಡಿದ ನಾಲಿಗೆಯನ್ನು ತಿದ್ದುವುದು ಕಷ್ಟವಲ್ಲ.