ಅಟ್ಟದ ಮೇಲಿನ ಕಡತ

ಕಛೇರಿಗಳಲ್ಲಿ ‘ನಿಮ್ಮ ಕಡತ ಇನ್ನೂ ಬಂದಿಲ್ಲ’ ಎಂಬ ಮಾತನ್ನು ನೀವೆಲ್ಲರೂ ಕೇಳಿದ್ದೀರಿ. ಆದರೆ ನಿಜವಾದ ಕಡತವನ್ನು ಕಂಡವರು ಕೆಲವರೇ. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಸಿದ ಕಪ್ಪು ಪುಸ್ತಕವದು. ಅದರಲ್ಲಿ ಬಳಪದಿಂದ ಬರೆಯುತ್ತಿದ್ದರು. ಒರೆಸಿದರೆ ಅಳಿಯುತ್ತದೆ, ಒರೆಸದಿದ್ದರೆ ತಲೆಮಾರುಗಳವರೆಗೆ ಉಳಿಯುತ್ತದೆ.

ಚಿತ್ರದುರ್ಗದ ನಾಯಕರ ಮನೆತನದ ಸಂಗತಿಗಳು ನಮಗೆ ತಿಳಿದಿರುವುದು ಶಾಸನಗಳ ಜೊತೆಗೆ ಇಂಥ ಕಡತ, ಬಖೈರು, ಓಲೆಗಳಿಂದ. ಇವುಗಳನ್ನು ಹುಡುಕಿ ಕಾಪಾಡಿದವರಲ್ಲಿ ಹುಲ್ಲೂರು ಶ್ರೀನಿವಾಸ ಜೋಯಿಸರ ಹೆಸರು ಮುಖ್ಯವಾದುದು.

ಈ ಬರಹಗಳಲ್ಲಿ ಮತ್ತೆ ಮತ್ತೆ ಏಳುವ ಪ್ರಶ್ನೆ ಒಂದೇ: ಪಟ್ಟ ಯಾರಿಗೆ ಸಲ್ಲಬೇಕು? ತಂದೆಯ ತರುವಾಯ ಮಗನಿಗೆ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ದುರ್ಗದಲ್ಲಿ ಅದು ಅಷ್ಟು ಸುಲಭವಾಗಿರಲಿಲ್ಲ. ಮೂಲಪುರುಷನಾದ ತಿಮ್ಮಣ್ಣನಾಯಕನಿಗೆ ವಿಜಯನಗರದ ಅರಸರಿಂದ ಮೊದಲು ಹೊಳಲ್ಕೆರೆ, ಅನಂತರ ಹಿರಿಯೂರು, ಕಡೆಗೆ ಚಿತ್ರದುರ್ಗ ದೊರೆತವೆನ್ನುತ್ತಾರೆ. ಹೀಗೆ, ಕೊಟ್ಟ ಅಧಿಕಾರವೇ ಕ್ರಮೇಣ ಮನೆತನದ ಆಸ್ತಿಯಾಯಿತು. ಹದಿನೇಳನೆಯ ಶತಮಾನದ ಕೊನೆಯಲ್ಲಿ ದಳವಾಯಿ ಮುದ್ದಣ್ಣನ ಕೈ ಮೇಲಾಗಿ, ಪಟ್ಟಕ್ಕಾಗಿ ರಕ್ತವೇ ಹರಿಯಿತು. ಅದು ತಣ್ಣಗಾಗಿ ಭರಮಣ್ಣನಾಯಕನು ಪಟ್ಟವೇರಿದ್ದು 1689ರಲ್ಲಿ. 1754ರಲ್ಲಿ ಕಸ್ತೂರಿ ರಂಗಪ್ಪನಾಯಕನು ಸಂತಾನವಿಲ್ಲದೆ ತೀರಿಕೊಂಡಾಗ, ಈಗಿನ ಹೊಸದುರ್ಗ ತಾಲ್ಲೂಕಿನ ಜಾನಕಲ್ಲಿನಿಂದ ಹುಡುಗನೊಬ್ಬನನ್ನು ಕರೆತಂದು ಪಟ್ಟ ಕಟ್ಟಿದರು. ಅವನೇ ಕೊನೆಯ ಮದಕರಿನಾಯಕ. 1779ರಲ್ಲಿ ಹೈದರಾಲಿಯು ದುರ್ಗವನ್ನು ಹಿಡಿದು ನಾಯಕನನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. ಹಕ್ಕು ಅಲ್ಲಿಗೆ ಮುಗಿಯಿತು. ಉಳಿದದ್ದು ಬರಹ ಮಾತ್ರ.

ಹಾಗೆಂದು ಬರೆದುದೆಲ್ಲ ವೇದವಾಕ್ಯವಲ್ಲ. ವಂಶಾವಳಿಯನ್ನು ಬರೆಯಿಸುವವನು ತನ್ನ ಹಕ್ಕನ್ನು ಸಾಧಿಸಲೆಂದೇ ಬರೆಯಿಸುತ್ತಾನೆ. ಸೋತ ದಾಯಾದಿಯ ಹೆಸರು ಅದರಲ್ಲಿ ಬಿಟ್ಟುಹೋಗಬಹುದು. ಆದ್ದರಿಂದಲೇ ಒಂದು ಮನೆಯ ಕಡತವನ್ನು ಇನ್ನೊಂದು ಮನೆಯ ಕಡತದೊಡನೆ, ಎರಡನ್ನೂ ಊರ ಶಾಸನದೊಡನೆ ಹೋಲಿಸಿ ನೋಡಬೇಕು. ಒಂದು ನಾಶವಾದರೆ ಉಳಿದದ್ದರ ಸಾಕ್ಷ್ಯವೂ ಕುಂದುತ್ತದೆ.

ಫ್ರಾನ್ಸಿನಲ್ಲಿ ದಾಯಭಾಗದ ಮೂಲಪತ್ರವನ್ನು ನೋಟರಿಯು ತನ್ನಲ್ಲೇ ಇರಿಸಿಕೊಂಡು ಮನೆಯವರಿಗೆ ನಕಲನ್ನು ಕೊಡುವ ಪದ್ಧತಿಯುಂಟು. ಅಲ್ಲಿನ ಕ್ರಾಂತಿಯ ಸರ್ಕಾರವು 1793ರಲ್ಲಿ ಜಹಗೀರುದಾರರ ಹಕ್ಕುಪತ್ರಗಳನ್ನು ಸುಡಬೇಕೆಂದು ಆಜ್ಞೆ ಮಾಡಿತು. ಆದರೂ ನೋಟರಿಗಳ ಬಳಿ ಉಳಿದ ಹಳೆಯ ಪತ್ರಗಳು ಇಂದು ಅಲ್ಲಿನ ಜಿಲ್ಲಾ ಪತ್ರಾಗಾರಗಳಲ್ಲಿ ಓದಲು ಸಿಗುತ್ತವೆ.

ನಮ್ಮಲ್ಲಿ ಶಾನುಭೋಗರ ಮನೆಯೇ ಪತ್ರಾಗಾರವಾಗಿತ್ತು. 1954ರ ಕಾನೂನಿನಿಂದ ಇನಾಮುಗಳೂ, 1961ರ ಕಾನೂನಿನಿಂದ ವಂಶಪಾರಂಪರ್ಯದ ಶಾನುಭೋಗಿಕೆಯೂ ರದ್ದಾದವು. ‘ಇನ್ನು ಇದರಿಂದ ಒಂದು ಗುಂಟೆ ಜಮೀನೂ ಬರುವುದಿಲ್ಲ’ ಎಂದು ಹಳೆಯ ಗಂಟನ್ನು ರದ್ದಿಗೆ ಹಾಕುವುದು ಸುಲಭ. ಜಮೀನು ಬಾರದು, ನಿಜ. ಆದರೆ ನಿಮ್ಮ ಊರಿನ ಕೆರೆಯನ್ನು ಕಟ್ಟಿಸಿದವರಾರು, ಗದ್ದೆಯನ್ನು ಬಿಟ್ಟವರಾರು ಎಂಬ ಸಂಗತಿ ಅದರಲ್ಲಿರಬಹುದು.

ನಿಮ್ಮ ಮನೆಯ ಅಟ್ಟದಲ್ಲಿ ಅಂಥ ಗಂಟು ಇದ್ದರೆ ಮೂರು ಮಾತುಗಳನ್ನು ನೆನಪಿಡಿ. ಕಡತವನ್ನು ಒದ್ದೆಬಟ್ಟೆಯಿಂದ ಒರೆಸಬೇಡಿ. ಹಬ್ಬದ ಧೂಳು ಹೊಡೆಯುವಾಗ ಇನ್ನೂರು ವರ್ಷದ ಬರಹ ಅರೆಗಳಿಗೆಯಲ್ಲಿ ಅಳಿದೀತು. ಅದು ಯಾವ ಊರಿನದು, ಯಾರ ಕೈಯಿಂದ ಬಂದುದು ಎಂಬುದನ್ನು ಬೇರೊಂದು ಚೀಟಿಯಲ್ಲಿ ಬರೆದಿಡಿ. ಮೂರನೆಯದು, ಮೋಡಿಯನ್ನೂ ಹಳಗಾಲದ ಕೈಬರಹವನ್ನೂ ಓದಬಲ್ಲವರಿಗೆ ಅದನ್ನು ತೋರಿಸಿ. ಅಂಥವರು ವರ್ಷ ವರ್ಷಕ್ಕೆ ಕಡಮೆಯಾಗುತ್ತಿದ್ದಾರೆ; ಈ ಕೆಲಸವನ್ನು ಮುಂದಿನ ಹಬ್ಬದವರೆಗೆ ತಳ್ಳಬೇಡಿ.